ಕ್ಲೀವ್ ಅಂದರೆ ಸೀಳುವುದೋ, ಅಂಟಿಕೊಳ್ಳುವುದೋ?

ಅರ್ಧಅನುವಾದಕಿ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಒಂದೇ ಒಂದು ಪದ ನನ್ನ ಮರ್ಯಾದೆ ತೆಗೆದಿದೆ. ಅದರ ಹುಟ್ಟು ಗೊತ್ತಿರುವವರು ದಯವಿಟ್ಟು ಹೇಳಿ. ಪದ ‘ಕ್ಲೀವ್’.

ಬಿಡುವಿದ್ದಾಗ ನಾನು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುತ್ತೇನೆ. ಈಚೆಗೆ ಒಂದು ಪ್ರಬಂಧ ಕೈಯಲ್ಲಿತ್ತು. ಅದರಲ್ಲಿ ಒಂದು ಪಂಗಡದ ಜನ ತಮ್ಮ ಹಿರಿಯರ ನಂಬಿಕೆಗೆ ‘ಕ್ಲೀವ್ಡ್ ಟು’ ಅಂತ ಇತ್ತು. ನನಗೆ ಗೊತ್ತಿದ್ದದ್ದು ಕ್ಲೀವರ್ ಒಂದೇ, ಮಾಂಸ ಕಡಿಯುವ ಆ ಅಗಲ ಅಲಗಿನ ಕತ್ತಿ. ಹಾಗಾಗಿ ಯೋಚನೆಯನ್ನೇ ಮಾಡದೆ ‘ಹಿರಿಯರ ನಂಬಿಕೆಯಿಂದ ಕಡಿದುಕೊಂಡರು’ ಅಂತ ಬರೆದೆ. ಮುಂದಿನ ಪ್ಯಾರಾಕ್ಕೆ ಬಂದರೆ ಅದೇ ಜನ ಅದೇ ಹಳೆಯ ಪ್ರಾರ್ಥನೆ ಹೇಳುತ್ತಾ ಕೂತಿದ್ದಾರೆ! ಆಗಲಾದರೂ ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ. ಲೇಖಕರೇ ಎಡವಿದ್ದಾರೆ ಅಂದುಕೊಂಡು, ‘ಆದರೂ ಮನಸ್ಸು ತಡೆಯದೆ’ ಅಂತ ಮೂರು ಪದ ನನ್ನ ಕೈಯಿಂದಲೇ ಸೇರಿಸಿ ಕತೆ ಸರಿಮಾಡಿದೆ. ತಿದ್ದುವವರು ಆ ಮೂರು ಪದದ ಕೆಳಗೆ ಕೆಂಪು ಗೆರೆ ಎಳೆದು ‘ಇದು ಎಲ್ಲಿಂದ ಬಂತಮ್ಮ?’ ಅಂತ ಕೇಳಿದ ಮೇಲೆಯೇ ನಾನು ನಿಘಂಟು ತೆಗೆದದ್ದು.

ನಿಘಂಟಿನಲ್ಲಿ ಮೊದಲನೆಯ ಅರ್ಥ ಸೀಳು, ಎರಡು ಹೋಳು ಮಾಡು. ಅದರ ಕೆಳಗೇ ಇನ್ನೊಂದು: ಅಂಟಿಕೊ, ಬಿಡದೆ ಹಿಡಿದುಕೊ. ಒಂದೇ ಪದ, ಒಂದೇ ಸ್ಪೆಲಿಂಗ್, ಒಂದೇ ಉಚ್ಚಾರ. ಇದು ಹೇಗೆ ಸಾಧ್ಯ? ಸೀಳುವುದರಿಂದ ಅಂಟುವ ಅರ್ಥ ಹುಟ್ಟಿತೋ, ಅಂಟುವುದರಿಂದ ಸೀಳುವ ಅರ್ಥವೋ? ಭೂತಕಾಲಕ್ಕೆ ಕ್ಲೀವ್ಡ್, ಕ್ಲೆಫ್ಟ್, ಕ್ಲೋವ್ ಅಂತ ಮೂರು ಮೂರು ಕೊಟ್ಟಿದ್ದಾರೆ, ಯಾವುದನ್ನು ಎಲ್ಲಿ ಹಾಕುವುದು ಅಂತಲೂ ತಿಳಿಯಲಿಲ್ಲ. ಲವಂಗಕ್ಕೂ ಕ್ಲೋವ್ ಅನ್ನುತ್ತಾರಲ್ಲ, ಅದು ಇದರ ನೆಂಟನಾ?

ಬಂಡಿ_ರ:

ನೀವು ಎಡವಿದ ಕಲ್ಲಿಗೆ ಇಂಗ್ಲಿಷಿನವರೇ ಸಾಕಷ್ಟು ಎಡವಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಅರ್ಥದಿಂದ ಇನ್ನೊಂದು ಹುಟ್ಟಿಲ್ಲ. ಇವು ಎರಡು ಬೇರೆ ಬೇರೆ ಪದಗಳು. ಕಾಲ ಕಳೆದಂತೆ ಮುಖ ಮಾತ್ರ ಒಂದೇ ಆಗಿಬಿಟ್ಟಿತು.

ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ‘ಕ್ಲೇಓವನ್’, ಅಂಟಿಕೊಳ್ಳುವುದಕ್ಕೆ ‘ಕ್ಲಿವಿಯನ್’ ಅನ್ನುತ್ತಿದ್ದರು. ಬರೆಯುವಾಗ ಎಫ್ ಅಕ್ಷರ, ಆದರೆ ಎರಡು ಸ್ವರದ ನಡುವೆ ಬಂದರೆ ಅದು ಬಾಯಲ್ಲಿ ‘ವ್’ ಆಗುತ್ತಿತ್ತು. ಎರಡೂ ಮೊದಲಿನಿಂದಲೇ ಕಿವಿಗೆ ಹತ್ತಿರದವು, ನಿಜ. ಆದರೂ ಆಗಿನ ಜನಕ್ಕೆ ಗೊಂದಲ ಆಗುತ್ತಿರಲಿಲ್ಲ, ಯಾಕೆಂದರೆ ಸೀಳುವ ಪದ ಭೂತಕಾಲಕ್ಕೆ ಹೋಗುವಾಗ ಒಳಗಿನ ಸ್ವರವನ್ನೇ ಬದಲಿಸುತ್ತಿತ್ತು, ಅಂಟುವ ಪದ ಸುಮ್ನೆ ಬಾಲಕ್ಕೆ ಒಂದು ಪ್ರತ್ಯಯ ಹಚ್ಚಿಕೊಳ್ಳುತ್ತಿತ್ತು. ಆಮೇಲಿನ ಶತಮಾನಗಳಲ್ಲಿ ಪದದ ಕೊನೆಯ ಪ್ರತ್ಯಯಗಳು ಸವೆದವು, ನಡುವಿನ ಸ್ವರಗಳು ಒಂದರೊಳಗೊಂದು ಸೇರಿಕೊಂಡವು. ಎರಡೂ ‘ಕ್ಲೇವನ್’ ಅನ್ನುವ ಥರದ ಒಂದೇ ರೂಪಕ್ಕೆ ಬಂದು ನಿಂತವು. ಅಲ್ಲಿಂದ ಈಗಿನ ಕ್ಲೀವ್.

ಪಕ್ಕದ ಮನೆಗಳಲ್ಲಿ ಇವು ಇವತ್ತಿಗೂ ಬೇರೆ ಬೇರೆಯೇ. ಡಚ್ಚರಿಗೆ ಸೀಳುವುದು ‘ಕ್ಲೀವನ್’, ಅಂಟುವುದು ‘ಕ್ಲೇವನ್’. ಜರ್ಮನ್ನರಿಗೆ ಅಂಟುವುದು ‘ಕ್ಲೇಬನ್’; ಸೀಳುವ ‘ಕ್ಲೀಬನ್’ ಈಗ ಹಳ್ಳಿಮಾತಿನಲ್ಲಿ ಮಾತ್ರ ಉಳಿದಿದೆ. ಇಂಗ್ಲಿಷಿನಲ್ಲಿ ಮಾತ್ರ ಇಬ್ಬರೂ ಒಂದೇ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಾರೆ.

ನೆಂಟರನ್ನು ನೋಡಿದರೆ ಕುಲ ಗೊತ್ತಾಗುತ್ತದೆ. ಅಂಟುವ ಕ್ಲೀವ್‌ನ ನೆಂಟರು ಕ್ಲೇ, ಗ್ಲೂ, ಅಂದರೆ ಜೇಡಿಮಣ್ಣು ಮತ್ತು ಅಂಟು. ಗ್ಲೂ ಅನ್ನುವುದು ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಹಿಟ್ಟಿನಲ್ಲಿ ಇರುವ ಗ್ಲುಟನ್ ಕೂಡ ಅದೇ ಮನೆಯದು. ಸೀಳುವ ಕ್ಲೀವ್‌ಗೆ ಗ್ರೀಕಿನಲ್ಲಿ ಒಬ್ಬ ಅಣ್ಣ ಇದ್ದಾನೆ, ಕೆತ್ತು ಅನ್ನುವ ಅರ್ಥದ ಕ್ರಿಯಾಪದ. ಈಜಿಪ್ಟಿನ ಚಿತ್ರಲಿಪಿಗೆ ಹೈರೋಗ್ಲಿಫ್ ಅನ್ನುತ್ತೇವಲ್ಲ, ಅದರ ಬಾಲದ ‘ಗ್ಲಿಫ್’ ಅಲ್ಲಿಂದಲೇ ಬಂದದ್ದು. ಗ್ರೀಕ್ ಲ್ಯಾಟಿನ್‌ಗಳಲ್ಲಿ ‘ಗ’ ಇದ್ದ ಕಡೆ ಇಂಗ್ಲಿಷ್, ಜರ್ಮನ್‌ಗಳಲ್ಲಿ ‘ಕ’ ಸಿಗುವುದು ಒಂದು ನಿಯಮ. ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ಬರೆದಿಟ್ಟ, ಜಾನಪದ ಕತೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರಲ್ಲಿ ದೊಡ್ಡವನು ಇವನೇ. ಮಂಡಿಗೆ ಲ್ಯಾಟಿನ್ನಿನಲ್ಲಿ ‘ಗೆನು’, ಇಂಗ್ಲಿಷಿನಲ್ಲಿ ‘ನೀ’. ಆ ನೀ ಪದದ ಮೊದಲು ಸುಮ್ಮನೆ ಕೂತಿರುವ ಕೆ ಅಕ್ಷರ ಇದೆಯಲ್ಲ, ಒಂದು ಕಾಲದಲ್ಲಿ ಅದನ್ನೂ ಉಚ್ಚರಿಸುತ್ತಿದ್ದರು.

ಇದೆಲ್ಲ ಇಂಗ್ಲಿಷಿನ ಹುಚ್ಚಾಟ ಅಂತ ನಗುವ ಮೊದಲು ನಮ್ಮ ‘ಹರಿ’ಯನ್ನು ನೋಡಿ. ನೀರು ಹರಿಯಿತು, ಬಟ್ಟೆ ಹರಿಯಿತು. ನೀರು ಹರಿದುಹೋಯಿತು, ಬಟ್ಟೆ ಹರಿದುಹೋಯಿತು. ಹಳಗನ್ನಡದಲ್ಲಿ ಓಡುವ, ಹರಿಯುವ ಪದ ‘ಪರಿ’, ತುಂಡಾಗುವ ಪದ ‘ಪಱಿ’. ಎರಡನೆಯದರಲ್ಲಿ ಇರುವುದು ಬಂಡಿ ರ, ಪಂಡಿತರ ಮಾತಿನಲ್ಲಿ ಶಕಟರೇಫ. ಆ ಅಕ್ಷರ ಬಿದ್ದುಹೋಯಿತು, ‘ಪ’ ಇದ್ದದ್ದು ‘ಹ’ ಆಯಿತು, ಪಾಲು ಹಾಲಾದ ಹಾಗೆ. ಎರಡೂ ಹರಿ ಆಗಿ ಕೂತವು. ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಯಿತಲ್ಲ.

ಮೂರನೇಬೆಂಚು:

ಮೇಲಿನವರು ಬೇರಿನ ಕೆಲಸ ಮುಗಿಸಿದ್ದಾರೆ. ನಾನು ಬಳಕೆ ಹೇಳುತ್ತೇನೆ, ಪಾಠ ಮಾಡಿ ಮಾಡಿ ಬಾಯಿಗೆ ಕೂತಿದೆ.

ಅನುವಾದ ಮಾಡುವವರಿಗೆ ಸುಲಭದ ಗುರುತು ಆ ‘ಟು’. ಕ್ಲೀವ್ ಆದ ಮೇಲೆ ಟು ಬಂದರೆ ಅಂಟಿಕೊಳ್ಳುವುದು. ಥ್ರೂ ಬಂದರೆ, ಇನ್ ಟೂ ಬಂದರೆ, ಅಥವಾ ಏನೂ ಇಲ್ಲದೆ ನೇರವಾಗಿ ಒಂದು ವಸ್ತುವಿನ ಹೆಸರು ಬಂದರೆ ಸೀಳುವುದು. ಹಡಗು ನೀರನ್ನು ಕ್ಲೀವ್ ಮಾಡುತ್ತದೆ, ನಾಲಿಗೆ ಒಣಗಿ ಅಂಗುಳಿಗೆ ಕ್ಲೀವ್ ಆಗುತ್ತದೆ. ನಿಮ್ಮ ವಾಕ್ಯದಲ್ಲಿ ಟು ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು, ನೀವು ಅದನ್ನು ಹಾರಿಸಿಬಿಟ್ಟಿರಿ.

ಭೂತಕಾಲ. ಅಂಟುವುದಕ್ಕೆ ಈಗ ಕ್ಲೀವ್ಡ್ ಒಂದೇ, ಅಲ್ಲಿ ತಲೆನೋವಿಲ್ಲ. ಸೀಳುವುದಕ್ಕೆ ಕ್ಲೀವ್ಡ್, ಕ್ಲೆಫ್ಟ್, ಕ್ಲೋವ್ ಮೂರೂ ನಡೆಯುತ್ತವೆ, ಆದರೆ ಕ್ಲೋವ್ ಅಂತ ಬರೆದರೆ ಓದುವವರಿಗೆ ಹಳೆಯ ಕಾವ್ಯದ ವಾಸನೆ ಹೊಡೆಯುತ್ತದೆ. ತಮಾಷೆ ಇರುವುದು ವಿಶೇಷಣ ಆದಾಗ. ಗೊರಸು ಯಾವಾಗಲೂ ಕ್ಲೋವನ್, ತುಟಿ ಮತ್ತು ಅಂಗುಳು ಯಾವಾಗಲೂ ಕ್ಲೆಫ್ಟ್. ಅದಲು ಬದಲು ಮಾಡಿದರೆ ಕೇಳುವವರು ಹುಬ್ಬೇರಿಸುತ್ತಾರೆ. ಯಾಕೆ ಹೀಗೆ ಅಂತ ಮಕ್ಕಳು ಕೇಳಿದರೆ ನಾನು ಹೇಳುವುದು ಇಷ್ಟೇ: ದನದ ಗೊರಸು ಹುಟ್ಟಾ ಎರಡಾಗಿರುವುದನ್ನು ಜನ ಬಹಳ ಹಿಂದೆಯೇ ಹೆಸರಿಟ್ಟು ಕರೆದರು, ಆ ಹಳೆಯ ರೂಪ ಅಲ್ಲಿ ಹೆಪ್ಪುಗಟ್ಟಿತು. ಕನ್ನಡದಲ್ಲಿ ಆ ಗೋಳಿಲ್ಲ, ಸೀಳುತುಟಿ, ಸೀಳುಗೊರಸು, ಎರಡಕ್ಕೂ ಒಂದೇ ಸೀಳು.

ಇನ್ನೊಂದು ಭೂತಕಾಲ ಇತ್ತು, ‘ಕ್ಲೇವ್’ ಅಂತ. ಅದು ಸತ್ತು ಬಹಳ ಕಾಲ ಆಯಿತು. ಆದರೆ 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಇನ್ನೂ ಉಸಿರಾಡುತ್ತಿದೆ. ಅಬ್ರಹಾಮ ಬಲಿಗೆ ಬೇಕಾದ ಸೌದೆ ಸೀಳಿದ ಅನ್ನುವಲ್ಲಿ ಕ್ಲೇವ್. ರೂತ್ ತನ್ನ ಅತ್ತೆಯನ್ನು ಬಿಟ್ಟು ಹೋಗದೆ ಅವಳಿಗೇ ಅಂಟಿಕೊಂಡಳು ಅನ್ನುವಲ್ಲೂ ಕ್ಲೇವ್! ಒಂದೇ ಪುಸ್ತಕ, ಒಂದೇ ರೂಪ, ಸೌದೆಗೆ ಒಂದು ಅರ್ಥ, ಸೊಸೆಗೆ ಒಂದು ಅರ್ಥ. ಗಂಡು ತಂದೆತಾಯಿಯನ್ನು ಬಿಟ್ಟು ಹೆಂಡತಿಗೆ ಕ್ಲೀವ್ ಆಗುತ್ತಾನೆ ಅಂತ ಆದಿಕಾಂಡದ ಎರಡನೇ ಅಧ್ಯಾಯದಲ್ಲಿದೆ. ಹಿಂದೆ ಮದುವೆಯ ಮಾತು ಬಂದಾಗೆಲ್ಲ ಈ ಸಾಲು ಕೇಳಿಸುತ್ತಿತ್ತು, ಅಂಟುವ ಕ್ಲೀವ್ ಇಷ್ಟು ದಿನ ಬದುಕಿರುವುದರಲ್ಲಿ ಆ ಸಾಲಿನ ಪಾಲು ದೊಡ್ಡದು ಅಂತ ನನ್ನ ಲೆಕ್ಕ. ಅಲ್ಲಿ ಮೂಲ ಹೀಬ್ರೂ ಪದ ‘ದಾವಕ್’. ಈಗಿನ ಹೀಬ್ರೂ ಭಾಷೆಯಲ್ಲಿ ಅಂಟಿಗೆ ‘ದೇವೆಕ್’ ಅನ್ನುತ್ತಾರೆ, ಅದೇ ಬೇರು.

ವ್ಯಾಕರಣದಲ್ಲೂ ಒಂದು ಕ್ಲೆಫ್ಟ್ ಇದೆ. ‘ನಾನು ಲೋಟ ಒಡೆದೆ’ ಅನ್ನುವ ಸೀದಾ ವಾಕ್ಯವನ್ನು ಸೀಳಿ ‘ಲೋಟ ಒಡೆದದ್ದು ನಾನು’ ಅಂತ ಮಾಡಿದರೆ ಒತ್ತು ಪೂರ್ತಿ ಒಂದು ಕಡೆಗೆ ಹೋಗುತ್ತದೆ ನೋಡಿ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಕ್ಲೆಫ್ಟ್ ಸೆಂಟೆನ್ಸ್ ಅಂತ ಹೆಸರಿಟ್ಟವನು ಡೆನ್ಮಾರ್ಕಿನ ಓಟೋ ಯೆಸ್ಪರ್ಸನ್. ಕನ್ನಡದವರು ದಿನಕ್ಕೆ ನೂರು ಸಲ ಇದನ್ನು ಮಾಡುತ್ತೇವೆ, ಹೆಸರು ಗೊತ್ತಿಲ್ಲದೇನೇ.

ಸುಮ್ನೆ_ಕೇಳ್ದೆ:

ಇಷ್ಟೆಲ್ಲ ಯಾಕೆ ಸ್ವಾಮಿ? ಕಟ್ ಅಂತ ಬರೆದರೆ ಆಯಿತಪ್ಪ. ಲವಂಗದ ತಲೆ ನಾಲ್ಕಾಗಿ ಸೀಳಿಕೊಂಡಿರುತ್ತದೆ, ಅದಕ್ಕೇ ಕ್ಲೋವ್. ಇದಕ್ಕೆ ನಿಘಂಟು ಬೇಕಾ?

ಬಂಡಿ_ರ:

ಸುಮ್ನೆ ಕೇಳಿದರೂ ಒಳ್ಳೆಯದನ್ನೇ ಕೇಳಿದಿರಿ, ಆದರೆ ಲವಂಗ ನಿಮ್ಮ ಕೈಗೆ ಸಿಗುವುದಿಲ್ಲ. ಒಂದು ಲವಂಗವನ್ನು ಬೆರಳಲ್ಲಿ ಹಿಡಿದು ತಲೆ ಮೇಲೆ ಮಾಡಿ ನೋಡಿ. ಉದ್ದ ಕಾಲು, ಮೇಲೆ ಅಗಲದ ತಲೆ. ಮೊಳೆ! ಲ್ಯಾಟಿನ್ನಿನಲ್ಲಿ ಮೊಳೆಗೆ ‘ಕ್ಲಾವುಸ್’, ಫ್ರೆಂಚಿನಲ್ಲಿ ‘ಕ್ಲೂ’. ಫ್ರೆಂಚರು ಲವಂಗವನ್ನು ‘ಜಿರೋಫ್ಲ್‌ನ ಮೊಳೆ’ ಅಂತ ಕರೆದರು, ಇಂಗ್ಲಿಷಿನವರು ಆ ಮೊಳೆಯನ್ನಷ್ಟೇ ಕಿತ್ತುಕೊಂಡು ಕ್ಲೋವ್ ಮಾಡಿದರು. ಬೆಳ್ಳುಳ್ಳಿ ಎಸಳಿಗೂ ಕ್ಲೋವ್ ಅನ್ನುತ್ತಾರಲ್ಲ, ಅದು ಮಾತ್ರ ಅಪ್ಪಟ ಇಂಗ್ಲಿಷ್, ಸೀಳುವ ಕ್ಲೀವ್‌ನ ಮಗಳು, ಗಡ್ಡೆ ಎಸಳೆಸಳಾಗಿ ಬಿಡುತ್ತದೆ ಅಂತ. ಹೀಗೆ ಎರಡು ಕ್ಲೋವ್ ಒಂದೇ ಡಬ್ಬಿಯಲ್ಲಿ ಕೂತಿವೆ, ಒಂದಕ್ಕೊಂದು ಸಂಬಂಧವೇ ಇಲ್ಲ.

ಇನ್ನು ಕಟ್. ಅದು ಇಂಗ್ಲಿಷಿನ ಬಹಳ ಹಳೆಯ ಆಸ್ತಿ ಅಂದುಕೊಂಡಿದ್ದೀರಿ ತಾನೆ? ಬರಹದಲ್ಲಿ ಅದು ಕಾಣಿಸಿಕೊಳ್ಳುವುದೇ ಸುಮಾರು 1300ರ ಹೊತ್ತಿಗೆ. ಅದಕ್ಕೂ ಮೊದಲು ಸಾಮಾನ್ಯವಾಗಿ ಕತ್ತರಿಸುವುದಕ್ಕೆ ಇದ್ದ ಪದ ಈಗಿನ ಕಾರ್ವ್. ಆಗ ಯಾವುದನ್ನು ಕತ್ತರಿಸಿದರೂ ಕಾರ್ವ್. ಕಟ್ ಬಂದು ಅದರ ಜಾಗ ಕಸಿದುಕೊಂಡಿತು, ಕಾರ್ವ್ ಪಾಪ ಕೆತ್ತನೆಗೆ, ಊಟದ ಮೇಜಿನ ಮೇಲೆ ಬೇಯಿಸಿದ ಮಾಂಸ ಕುಯ್ಯುವುದಕ್ಕೆ ಮಾತ್ರ ಉಳಿಯಿತು. ಕಾರ್ವ್‌ಗೂ ಗ್ರೀಕಿನಲ್ಲಿ ನೆಂಟ ಇದ್ದಾನೆ, ಕೆರೆ, ಗೀರು, ಬರೆ ಅನ್ನುವ ಅರ್ಥದ ಪದ, ನಮ್ಮ ಗ್ರಾಫ್ ಬಂದದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಕಾರ್ವ್ ಮತ್ತು ಕ್ಲೀವ್ ಎರಡೂ ಕತ್ತಿ ಹಿಡಿದವು, ಗ್ರೀಕಿನಲ್ಲಿ ಅವರ ಅಣ್ಣಂದಿರು ಲಿಪಿಕಾರರಾದರು.

ಕಟ್ ಅಂತ ಬರೆದರೆ ಸಾಕು ಅಂದಿರಿ. ಕನ್ನಡದಲ್ಲಿ ಹಾಗೆ ಬರೆಯುತ್ತೀರಾ? ಪೈರು ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಬಟ್ಟೆ ಕತ್ತರಿಸುತ್ತೇವೆ, ಸೊಪ್ಪು ಹೆಚ್ಚುತ್ತೇವೆ, ಸೌದೆ ಸೀಳುತ್ತೇವೆ. ಪೈರು ಸೀಳಿದೆ ಅಂದರೆ ನಗುತ್ತಾರೆ.

ಸುಮ್ನೆ_ಕೇಳ್ದೆ:

ಸರಿ ಗುರುಗಳೇ, ಲವಂಗ ವಾಪಸ್ ತೆಗೆದುಕೊಂಡೆ.

ಗಾಜಿನೆಳೆ:

ನನಗೆ ಭಾಷೆಯ ಇತಿಹಾಸ ಗೊತ್ತಿಲ್ಲ, ಆದರೆ ದಿನಕ್ಕೆ ನಲವತ್ತು ಐವತ್ತು ಸಲ ಕ್ಲೀವ್ ಮಾಡುತ್ತೇನೆ. ಆಪ್ಟಿಕಲ್ ಫೈಬರ್ ಜೋಡಿಸುವ ಕೆಲಸ. ನಮ್ಮ ಉಪಕರಣದ ಹೆಸರೇ ಕ್ಲೀವರ್, ಆದರೆ ಅಂಗೈಯಲ್ಲಿ ಹಿಡಿಸುತ್ತದೆ, ಕತ್ತಿಯ ಥರ ಏನೂ ಕಾಣುವುದಿಲ್ಲ.

ಫೈಬರಿನ ಗಾಜು 125 ಮೈಕ್ರಾನ್ ದಪ್ಪ, ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಮೇಲಿನ ಪ್ಲಾಸ್ಟಿಕ್ ಪದರ ಸುಲಿದು, ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸುತ್ತೇವೆ. ಸರಿಯಾಗಿ ಒರೆಸಿದಾಗ ಕೀಚ್ ಅಂತ ಸದ್ದು ಬರುತ್ತದೆ. ಆಮೇಲೆ ಎಳೆಯನ್ನು ಕ್ಲೀವರಿನ ಗಾಡಿಯಲ್ಲಿ ಮಲಗಿಸಿ ಮುಚ್ಚಳ ಹಾಕಿ ಅಲಗನ್ನು ತಳ್ಳುವುದು. ಹೊಸಬರೆಲ್ಲ ಅಂದುಕೊಳ್ಳುವುದು ಅಲಗು ಗಾಜನ್ನು ಕತ್ತರಿಸುತ್ತದೆ ಅಂತ. ಇಲ್ಲ ಮಾರಾಯ್ರೆ. ಅಲಗು ಒಂದು ಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗೀರು ಮಾಡುತ್ತದೆ, ಅಷ್ಟೇ. ಹಿಂದೆಯೇ ಒಂದು ಒತ್ತು ಬಂದು ಎಳೆಯನ್ನು ಬಗ್ಗಿಸುತ್ತದೆ, ಆ ಗೀರಿನಿಂದ ಹೊರಟ ಬಿರುಕು ಕ್ಷಣದಲ್ಲಿ ಆಚೆ ದಡಕ್ಕೆ ಓಡುತ್ತದೆ. ಗಾಜು ತಾನಾಗಿ ಬಿಟ್ಟುಕೊಳ್ಳುತ್ತದೆ. ಹಾಗೆ ಬಿಟ್ಟುಕೊಂಡ ಮುಖ ಕನ್ನಡಿಯಷ್ಟು ನುಣುಪು. ಅದೇ ಎಳೆಯನ್ನು ಕತ್ತರಿಯಲ್ಲಿ ಕತ್ತರಿಸಿದರೆ ತುದಿ ಪುಡಿ ಪುಡಿ, ಚೂಪು ಚೂಪು, ಬೆಳಕು ಅಲ್ಲೇ ಚದುರುತ್ತದೆ. ಹಾಗಾಗಿ ನಮಗೆ ಕಟ್ ಮತ್ತು ಕ್ಲೀವ್ ಎರಡು ಬೇರೆ ಕೆಲಸ. ಹೊರಗಿನ ಕೇಬಲ್ ಕಟ್ ಮಾಡುತ್ತೇವೆ, ಒಳಗಿನ ಗಾಜು ಕ್ಲೀವ್ ಮಾಡುತ್ತೇವೆ.

ಮುಖ ಎಷ್ಟು ನೇರ ಇರಬೇಕು ಅಂದರೆ ಒಂದು ಡಿಗ್ರಿ ಓರೆಯಾದರೂ ಜೋಡಿಸುವ ಯಂತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ, ಪರದೆಯ ಮೇಲೆ ಎಚ್ಚರಿಕೆ ತೋರಿಸಿ ನಿಂತುಬಿಡುತ್ತದೆ. ಮತ್ತೆ ಸುಲಿ, ಮತ್ತೆ ಒರೆಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಒಂದೇ ಎಳೆಗೆ ಹನ್ನೊಂದು ಸಲ ಕ್ಲೀವ್ ಮಾಡಿದ್ದೇನೆ, ಅಲಗಿನ ಒಂದು ಜಾಗ ಸವೆದಿದೆ ಅಂತ ಗೊತ್ತಾಗುವ ಹೊತ್ತಿಗೆ ಎಳೆಯೇ ಗಿಡ್ಡ ಆಗಿತ್ತು. ಅಲಗು ದುಂಡಗಿರುತ್ತದೆ, ಸ್ವಲ್ಪ ತಿರುಗಿಸಿದರೆ ಹೊಸ ಅಂಚು ಸಿಗುತ್ತದೆ ಅನ್ನುವುದನ್ನು ಆ ರಾತ್ರಿ ನನಗೆ ಯಾರೂ ಹೇಳಿರಲಿಲ್ಲ.

ಈ ಚರ್ಚೆ ಓದಿ ನಗು ಬಂತು. ಯಾಕೆಂದರೆ ನಾವು ಕ್ಲೀವ್ ಮಾಡುವುದೇ ಅಂಟಿಸುವುದಕ್ಕೆ. ಎರಡು ಮುಖ ನುಣುಪಾಗಿ ಬಂದ ಮೇಲೆ ಎದುರು ಬದುರು ಇಟ್ಟು ವಿದ್ಯುತ್ ಕಿಡಿಯಲ್ಲಿ ಕರಗಿಸಿದರೆ ಒಂದೇ ಗಾಜಾಗುತ್ತದೆ. ಒಂದು ಮೇಜಿನ ಮೇಲೆ ನಿಮ್ಮ ಎರಡೂ ಅರ್ಥ ಇವೆ.

ಕಲ್ಲುಬಂಡೆ:

ಗಾಜಿನೆಳೆ ಅವರು ಹೇಳಿದ ‘ತಾನಾಗಿ ಬಿಟ್ಟುಕೊಳ್ಳುತ್ತದೆ’ ಅನ್ನುವುದೇ ಈ ಪದದ ಜೀವ. ಸೌದೆ ಸೀಳಿದವರಿಗೆ ಇದು ಕೈಯಲ್ಲೇ ಗೊತ್ತಿರುತ್ತದೆ. ಮರದ ನಾರು ಉದ್ದಕ್ಕೆ ಇದ್ದರೆ ಕೊಡಲಿ ಒಂದು ಗೇಣು ಇಳಿಯುವಷ್ಟರಲ್ಲಿ ಬಿರುಕು ಮೂರು ಗೇಣು ಮುಂದೆ ಓಡಿರುತ್ತದೆ. ಆಮೇಲೆ ಕೊಡಲಿಯ ಅಂಚು ಯಾವುದನ್ನೂ ಮುಟ್ಟುತ್ತಲೇ ಇರುವುದಿಲ್ಲ, ಅದರ ದಪ್ಪ ಕೆನ್ನೆಗಳು ಎರಡು ಬದಿಗೆ ನೂಕುತ್ತಿರುತ್ತವೆ ಅಷ್ಟೆ. ಅಡ್ಡಕ್ಕೆ ಹೊಡೆದು ನೋಡಿ, ಕೈ ಝುಂ ಅನ್ನುತ್ತದೆ.

ನಾನು ಓದಿದ್ದು ಭೂವಿಜ್ಞಾನ, ನಮಗೆ ಕ್ಲೀವೇಜ್ ಅಂದರೆ ಒಂದು ಹರಳು ಯಾವ ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ ಅನ್ನುವ ಗುಣ. ಸಿನಿಮಾ ಪತ್ರಿಕೆಗಳವರು ಕೊಡುವ ಅರ್ಥ 1940ರ ದಶಕದ್ದು, ನಮ್ಮದು ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು, ಮೊದಲ ದಿನ ತರಗತಿಯಲ್ಲಿ ಕಿಸಕ್ಕೆಂದವರಿಗೆ ನಮ್ಮ ಮೇಷ್ಟ್ರು ಹೇಳಿದ್ದು ಇದನ್ನೇ. ಅಭ್ರಕಕ್ಕೆ ಒಂದೇ ದಿಕ್ಕು. ಉಗುರಿನ ತುದಿ ಸಿಕ್ಕಿಸಿದರೆ ಹಾಳೆ ಹಾಳೆಯಾಗಿ ಏಳುತ್ತದೆ, ಎಷ್ಟು ತೆಳ್ಳಗೆ ಎಬ್ಬಿಸಿದರೂ ಅದರೊಳಗೆ ಇನ್ನೊಂದು ಹಾಳೆ. ಕಲ್ಲುಪ್ಪಿಗೆ ಮೂರು ದಿಕ್ಕು, ಒಂದಕ್ಕೊಂದು ಲಂಬ, ಹಾಗಾಗಿ ಒಡೆದಷ್ಟೂ ಚಿಕ್ಕ ಚಿಕ್ಕ ಡಬ್ಬಿ. ಬೆಣಚು ಹರಳಿಗೆ ಅಂಥ ಸುಲಭದ ದಿಕ್ಕೇ ಇಲ್ಲ, ಒಡೆದರೆ ಗಾಜಿನ ಹಾಗೆ ಡೊಂಕು ಡೊಂಕು. ವಜ್ರಕ್ಕೆ ನಾಲ್ಕು.

ಎಲ್ಲಕ್ಕಿಂತ ಗಟ್ಟಿ ಅಂತ ಹೆಸರಾದ ವಜ್ರ ಒಂದು ಏಟಿಗೆ ಎರಡಾಗುವುದು ಇದರಿಂದಲೇ. ಕಲ್ಲಿನನ್ ವಜ್ರದ ಕತೆ ಕೇಳಿರಬಹುದು. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿದ್ದು, 3106 ಕ್ಯಾರೆಟ್, ಹತ್ತಿರ ಹತ್ತಿರ 620 ಗ್ರಾಂ. ಅದನ್ನು ಸೀಳುವ ಕೆಲಸ ಬಿದ್ದದ್ದು ಆಮ್ಸ್ಟರ್ಡ್ಯಾಮಿನ ಯೋಸೆಫ್ ಆಷರ್ ಮೇಲೆ. ಮೊದಲು ಬೇರೆ ವಜ್ರದಿಂದ ಉಜ್ಜಿ ಉಜ್ಜಿ ಒಂದು ಕಚ್ಚು ಮಾಡಿಕೊಂಡ, ಅದಕ್ಕೇ ದಿನಗಟ್ಟಲೆ ಹಿಡಿಯಿತು. 1908ರ ಫೆಬ್ರವರಿಯಲ್ಲಿ ಆ ಕಚ್ಚಿಗೆ ಉಕ್ಕಿನ ಅಲಗು ಇಟ್ಟು ಹೊಡೆದ. ಮುರಿದದ್ದು ಅಲಗು! ಇನ್ನೊಂದು ಅಲಗು ತಂದು ಮತ್ತೆ ಹೊಡೆದಾಗ ಕಲ್ಲು ಅಂದುಕೊಂಡ ಕಡೆಯೇ ಸೀಳಿತು. ಕೊನೆಗೆ ಅದರಿಂದ 9 ದೊಡ್ಡ ಹರಳು, 96 ಚಿಕ್ಕ ಹರಳು ಆದವು. ದಿಕ್ಕು ಒಂದಿಷ್ಟು ತಪ್ಪಿದ್ದರೆ ಅಷ್ಟೂ ಚೂರು ಚೂರಾಗುತ್ತಿತ್ತು. ವಜ್ರದ ಕೆಲಸದಲ್ಲಿ ಹೀಗೆ ಸೀಳುವ ಆಳಿಗೂ ಕ್ಲೀವರ್ ಅಂತಲೇ ಹೆಸರು.

ಅಂದಹಾಗೆ ಜೀವಶಾಸ್ತ್ರದವರ ಕ್ಲೀವೇಜ್ ಬೇರೆ. ಫಲಿತ ಅಂಡ ಎರಡಾಗಿ ನಾಲ್ಕಾಗಿ ಎಂಟಾಗಿ ಒಡೆಯುತ್ತಾ ಹೋಗುತ್ತದೆ, ಆದರೆ ಒಟ್ಟು ಗಾತ್ರ ಬೆಳೆಯುವುದಿಲ್ಲ. ಇದ್ದ ಒಂದನ್ನೇ ಹೋಳು ಮಾಡಿದ ಹಾಗೆ. ಅದಕ್ಕೆ ಆ ಹೆಸರು ಚೆನ್ನಾಗಿಯೇ ಹೊಂದುತ್ತದೆ.

ಅರ್ಧಅನುವಾದಕಿ:

ಅಬ್ಬಾ. ಒಂದು ಪದ ಕೇಳಿದ್ದಕ್ಕೆ ವಜ್ರದವರೆಗೂ ಕರೆದುಕೊಂಡು ಹೋದಿರಿ, ಎಲ್ಲರಿಗೂ ಥ್ಯಾಂಕ್ಸ್. ರೂತ್ ಮತ್ತು ಸೌದೆಯ ಉದಾಹರಣೆಯನ್ನು ತಿದ್ದುವವರಿಗೂ ಕಳಿಸಿದೆ, ನನ್ನ ತಪ್ಪು ಸ್ವಲ್ಪ ಚಿಕ್ಕದಾಗಿ ಕಾಣಲಿ ಅಂತ.

ಇನ್ನೆರಡು ಕೇಳಿಬಿಡುತ್ತೇನೆ. ಇಂಥ ಹಳ್ಳ ಇನ್ನೂ ಇದೆಯಾ, ಕತ್ತರಿಸುವ ಪದವೇ ಸೇರಿಸುವ ಅರ್ಥವನ್ನೂ ಕೊಡುವಂಥದ್ದು? ಮತ್ತೆ ನನ್ನ ವಾಕ್ಯಕ್ಕೆ ಕನ್ನಡ ಏನು ಹಾಕಲಿ? ‘ಅಂಟಿಕೊಂಡರು’ ಅಂದರೆ ಗೋಂದು ಹಚ್ಚಿದ ಹಾಗಾಗುತ್ತದೆ, ‘ನಿಷ್ಠರಾಗಿದ್ದರು’ ಅಂದರೆ ಸರ್ಕಾರಿ ಪ್ರಮಾಣವಚನ.

ಬಂಡಿ_ರ:

ಇದೆ, ದಿನಾ ಕೈಯಲ್ಲಿ ಹಿಡಿಯುತ್ತೀರಿ. ಕ್ಲಿಪ್. ಕಾಗದಕ್ಕೆ ಹಾಕಿದರೆ ಸೇರಿಸುತ್ತದೆ, ಉಗುರಿಗೆ, ಬೇಲಿ ಗಿಡಕ್ಕೆ ಹಾಕಿದರೆ ಕತ್ತರಿಸುತ್ತದೆ. ಅದೂ ಎರಡು ಪದವೇ. ಹಿಡಿಯುವ ಕ್ಲಿಪ್ ಹಳೆಯ ಇಂಗ್ಲಿಷಿನ ‘ಅಪ್ಪಿಕೊ’ ಅನ್ನುವ ಪದದಿಂದ ಬಂದದ್ದು, ಕತ್ತರಿಸುವ ಕ್ಲಿಪ್ ವೈಕಿಂಗರ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಒಂದು ಅಪ್ಪುವ ತೋಳು, ಇನ್ನೊಂದು ಕತ್ತರಿ.

ಕ್ಲೀವರ್ಸ್ ಅಂತ ಒಂದು ಕಳೆಗಿಡವೂ ಇದೆ, ಮೈತುಂಬ ಸಣ್ಣ ಕೊಕ್ಕೆ, ಪಕ್ಕದಲ್ಲಿ ಹಾದರೆ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಅದು ಅಂಟುವ ಕ್ಲೀವ್‌ನ ಕಡೆಯದು. ಯಾವತ್ತಾದರೂ ಒಂದು ಕಾದಂಬರಿಯಲ್ಲಿ ಪಾತ್ರ ತೋಟದಿಂದ ಬಂದು ಸೀರೆಯ ಅಂಚಿನಿಂದ ಕ್ಲೀವರ್ಸ್ ಬಿಡಿಸಿಕೊಂಡಳು ಅಂತ ಬಂದರೆ, ದಯವಿಟ್ಟು ಮಾಂಸದ ಕತ್ತಿ ಬಿಡಿಸಿಕೊಂಡಳು ಅಂತ ಬರೆಯಬೇಡಿ.

ಮೂರನೇಬೆಂಚು:

ವಾಕ್ಯಕ್ಕೆ: ‘ಹಿರಿಯರ ನಂಬಿಕೆಯನ್ನೇ ಕಚ್ಚಿಕೊಂಡರು’. ಹಟವೂ ಇದೆ, ಪ್ರೀತಿಯೂ ಇದೆ.

ಕಲ್ಲುಬಂಡೆ:

ಒಂದು ನಿಮಿಷ. ನಾನು ಮೇಲೆ ವಜ್ರಕ್ಕೆ ‘ಕಚ್ಚು ಮಾಡಿಕೊಂಡ’ ಅಂತ ಬರೆದಿದ್ದೇನಲ್ಲ, ಸೀಳುವ ಮೊದಲು. ಮರಕ್ಕೂ ಕಚ್ಚು ಹಾಕುತ್ತೇವೆ.

ಬಂಡಿ_ರ:

ಹೌದಲ್ಲ! ಇಷ್ಟು ಹೊತ್ತು ಹರಿ ಹರಿ ಅಂತ ಹಳಗನ್ನಡ ಅಗೆಯುತ್ತಿದ್ದೆ, ಇದು ಕಣ್ಣ ಮುಂದೆಯೇ ಇತ್ತು. ಕಚ್ಚು ಅಂದರೆ ಕತ್ತರಿಸಿದ ಗುರುತು, ಕಚ್ಚಿಕೊ ಅಂದರೆ ಬಿಡದೆ ಹಿಡಿ.

ಅರ್ಧಅನುವಾದಕಿ:

ಹಾಕಿ ಕಳಿಸಿದೆ. ತಿದ್ದುವವರ ಉತ್ತರ ಈಗ ಬಂತು: ‘ಕಚ್ಚಿಕೊಂಡರು ಚೆನ್ನಾಗಿದೆ, ಇರಲಿ. ಆ ಆದರೂ ಮನಸ್ಸು ತಡೆಯದೆ ಇನ್ನೂ ಅಲ್ಲೇ ಇದೆ, ಅದನ್ನು ಕತ್ತರಿಸಿ.’